ಕಡಲ ಬಸವನಹುಳುವಿಗೆ ವಿಷ ಬಂದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮ ಪ್ರಯೋಗಾಲಯದ ಗಾಜಿನ ಕಪಾಟಿನಲ್ಲಿ ಹೆಬ್ಬೆರಳಿನಷ್ಟು ಉದ್ದದ, ಕಂದು ಗೆರೆಗಳ ಬಲೆಯನ್ನು ಹೊದಿಸಿದಂತಿರುವ ಒಂದು ಚಿಪ್ಪು ಇದೆ. ಮಳೆಗಾಲ ಹಿಡಿದು ತೋಟಗಳಲ್ಲಿ ಬಸವನಹುಳುಗಳು ಹೊರಬಂದಾಗಲೆಲ್ಲ ಮಕ್ಕಳ ಕಣ್ಣು ಆ ಚಿಪ್ಪಿನ ಮೇಲೆ ಬೀಳುತ್ತದೆ. ಅದರೊಳಗಿದ್ದ ಪ್ರಾಣಿ ಮನುಷ್ಯರನ್ನೂ ಕೊಲ್ಲಬಲ್ಲ ಜಾತಿಯದು ಎಂದು ಹೇಳಿದ ಮೇಲೆ ಪ್ರಶ್ನೆಗಳು ನಿಲ್ಲುವುದಿಲ್ಲ. ಮಕ್ಕಳು ಕೇಳಿದವು, ಅವರ ಮನೆಯವರು ಕೇಳಿ ಕಳುಹಿಸಿದವು, ಬೆಳೆಗಾರರು ದಾರಿಯಲ್ಲಿ ನಿಲ್ಲಿಸಿ ಕೇಳಿದವು, ಇವೆಲ್ಲಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ.

ಈ ವಿಷದ ಬಸವನಹುಳು ಯಾವುದು?

ಬೆಚ್ಚಗಿನ ಕಡಲುಗಳ ಹವಳದ ದಿಬ್ಬಗಳಲ್ಲಿ ಮತ್ತು ಮರಳಿನಲ್ಲಿ ಬದುಕುವ, ಶಂಕುವಿನಾಕಾರದ ಚಿಪ್ಪುಳ್ಳ ಮೃದ್ವಂಗಿ ಇದು. ಇದನ್ನು ಇಲ್ಲಿ ಶಂಕು ಬಸವನಹುಳು ಎಂದು ಕರೆಯುತ್ತೇನೆ. ಈ ಕುಲಕ್ಕೆ ಕೋನಸ್ ಎಂಬ ವೈಜ್ಞಾನಿಕ ಹೆಸರನ್ನು 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಕೊಟ್ಟ. ಈಗ ಸುಮಾರು 900ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಇವುಗಳ ಅತಿ ಹಳೆಯ ಪಳೆಯುಳಿಕೆಗಳು ಸುಮಾರು 5.5 ಕೋಟಿ ವರ್ಷಗಳಷ್ಟು ಹಿಂದಿನವು. ಅಂದರೆ ಡೈನೋಸಾರುಗಳು ಅಳಿದ ಒಂದು ಕೋಟಿ ವರ್ಷಗಳ ನಂತರ ಈ ಕುಲ ಕಾಣಿಸಿಕೊಂಡಿತು. ಬಹುಪಾಲು ಪ್ರಭೇದಗಳು ಕಡಲ ಹುಳುಗಳನ್ನು ತಿನ್ನುತ್ತವೆ, ಕೆಲವು ಬೇರೆ ಬಸವನಹುಳುಗಳನ್ನು ತಿನ್ನುತ್ತವೆ, ಇನ್ನು ಕೆಲವು ಮೀನನ್ನೇ ಹಿಡಿಯುತ್ತವೆ. ಬೇಟೆಯ ಮೈಗೆ ಇವು ವಿಷ ಹಾಯಿಸುವುದು ಈಟಿಯಂಥ ಟೊಳ್ಳು ಹಲ್ಲಿನಿಂದ. ಬಸವನಹುಳು ಮೀನು ಹಿಡಿಯುತ್ತದೆ ಎಂಬ ಮಾತನ್ನು ವಿಜ್ಞಾನ ಲೋಕ ನಂಬುವಂತೆ ವಿವರವಾಗಿ ತೋರಿಸಿದವರು ಹವಾಯಿಯಲ್ಲಿ ಇವುಗಳನ್ನು ಸಾಕಿ ನೋಡಿದ ಅಲನ್ ಕೋನ್. ಅವರ ವರದಿ ಬಂದದ್ದು 1956ರಲ್ಲಿ.

ನಮ್ಮ ಕಾಫಿ ತೋಟಕ್ಕೆ ನುಗ್ಗುವ ಆಫ್ರಿಕಾದ ದೈತ್ಯ ಬಸವನಹುಳುವಿಗೂ ಇಂಥ ವಿಷ ಇದೆಯೇ?

ಇಲ್ಲ. ಶನಿವಾರಸಂತೆ ಕಡೆಯ ತೋಟಗಳಲ್ಲಿ ಎಲೆ, ಚಿಗುರು, ತೊಗಟೆಗಳನ್ನು ಕೆರೆದು ತಿನ್ನುವ ಆ ಹುಳು ಸಸ್ಯಾಹಾರಿ. ಅದಕ್ಕೆ ವಿಷದ ಗ್ರಂಥಿಯೂ ಇಲ್ಲ, ಚುಚ್ಚುವ ಹಲ್ಲೂ ಇಲ್ಲ. ಹಾಗೆಂದು ಬರಿಗೈಯಲ್ಲಿ ಮುಟ್ಟಬೇಡಿ. ಮಿದುಳಿನ ಪೊರೆಯ ಉರಿಯೂತಕ್ಕೆ ಕಾರಣವಾಗಬಲ್ಲ, ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಪರಾವಲಂಬಿ ಹುಳುವನ್ನು ಅದು ಹೊತ್ತಿರಬಹುದು. ಕೈಗವಸು ಹಾಕಿಕೊಂಡು ಹೆಕ್ಕಬೇಕು, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಎಲೆ ಕೆರೆಯುವ ನಾಲಿಗೆ ಈಟಿಯಾದದ್ದು ಹೇಗೆ?

ಇದಕ್ಕೆ ಉತ್ತರಿಸುವ ಮೊದಲು ನಾನು ತರಗತಿಯಲ್ಲಿ ಮಾಡುವ ಒಂದು ಚಿಕ್ಕ ಪ್ರಯೋಗವನ್ನು ಹೇಳಬೇಕು. ತೋಟದ ಒಂದು ಬಸವನಹುಳುವನ್ನು ಗಾಜಿನ ತಟ್ಟೆಯ ಮೇಲೆ ಬಿಟ್ಟು, ಗಾಜಿಗೆ ನೀರಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ತೆಳುವಾಗಿ ಸವರಿ, ಕೆಳಗಿನಿಂದ ಭೂತಗನ್ನಡಿ ಹಿಡಿದು ನೋಡುತ್ತೇವೆ. ಹುಳು ಮುಂದೆ ಸರಿಯುತ್ತ ಬಾಯಿಯನ್ನು ತೆರೆದು ಮುಚ್ಚುತ್ತದೆ. ಪ್ರತಿ ಸಲ ತೆರೆದಾಗಲೂ ತಿಳಿ ಕಂದು ಬಣ್ಣದ ಒಂದು ಪಟ್ಟಿ ಹೊರಬಂದು ಹಿಟ್ಟನ್ನು ನೆಕ್ಕಿ ಒಳಗೆ ಹೋಗುತ್ತದೆ. ಅದು ಹೋದ ದಾರಿಯಲ್ಲಿ ಬಾಚಣಿಗೆ ಎಳೆದಂತೆ ಸಣ್ಣ ಸಣ್ಣ ಗೀರುಗಳು ಉಳಿಯುತ್ತವೆ. ತರಗತಿ ಮೌನವಾಗಿದ್ದರೆ ಕೆರೆಯುವ ಸದ್ದೂ ಕೇಳಿಸುತ್ತದೆ. ಆ ಪಟ್ಟಿಯ ಹೆಸರು ರಾಡ್ಯುಲಾ. ಅದರ ಮೇಲೆ ಸಾಲುಸಾಲಾಗಿ ಸಾವಿರಾರು ಸೂಕ್ಷ್ಮ ಹಲ್ಲುಗಳಿರುತ್ತವೆ. ಮುಂದಿನ ಸಾಲು ಸವೆದಂತೆ ಹಿಂದಿನಿಂದ ಹೊಸ ಸಾಲು ಬೆಳೆದು ಬರುತ್ತದೆ.

ಶಂಕು ಬಸವನಹುಳುವಿನ ಈಟಿ ಇದೇ ರಾಡ್ಯುಲಾದ ಒಂದು ಹಲ್ಲು. ಅದರ ಪೂರ್ವಜರಲ್ಲಿ ಪಟ್ಟಿಯ ಹಲ್ಲುಗಳ ಸಂಖ್ಯೆ ಕಡಿಮೆಯಾಗುತ್ತ, ಉಳಿದವು ಉದ್ದವಾಗುತ್ತ ಬಂದವು. ಹಾಳೆಯನ್ನು ಸುರುಳಿ ಸುತ್ತಿದಂತೆ ಹಲ್ಲು ಸುತ್ತಿಕೊಂಡು ಒಳಗೆ ಟೊಳ್ಳಾಯಿತು, ತುದಿಯಲ್ಲಿ ಗಾಳದ ಕೊಕ್ಕೆಯಂಥ ಮುಳ್ಳು ಮೂಡಿತು. ನಡುವಿನ ಹಂತಗಳನ್ನು ನಾವು ಊಹಿಸಿಕೊಳ್ಳಬೇಕಾಗಿಲ್ಲ. ಶಂಕು ಬಸವನಹುಳುವಿನ ದೂರದ ದಾಯಾದಿಗಳಾದ ಟರಿಡ್ ಬಸವನಹುಳುಗಳಲ್ಲಿ, ಪಟ್ಟಿಗೆ ಅಂಟಿಕೊಂಡೇ ಇರುವ ಗಟ್ಟಿ ಹಲ್ಲಿನಿಂದ ಹಿಡಿದು ಅರ್ಧ ಸುರುಳಿಯಾದ ಹಲ್ಲಿನವರೆಗೆ ಹಲವು ಮಾದರಿಗಳು ಇಂದಿಗೂ ಜೀವಂತವಾಗಿವೆ. ಹಳೆಯ ಪಟ್ಟಿಯ ನೆನಪು ಶಂಕು ಹುಳುವಿನಲ್ಲಿ ಇನ್ನೂ ಒಂದು ಕಡೆ ಉಳಿದಿದೆ: ಅದರ ಹಲ್ಲಿನ ಚೀಲದಲ್ಲಿ ಬತ್ತಳಿಕೆಯ ಬಾಣಗಳಂತೆ ಹಲವು ಈಟಿಗಳು ಒಂದರ ಹಿಂದೊಂದು ಬೆಳೆಯುತ್ತಿರುತ್ತವೆ. ಒಮ್ಮೆ ಬಳಸಿದ ಈಟಿಯನ್ನು ಹುಳು ಬಿಸಾಡುತ್ತದೆ. ಸವೆದ ಸಾಲಿನ ಜಾಗಕ್ಕೆ ಹೊಸ ಸಾಲು ಬರುತ್ತಿದ್ದ ಅದೇ ಏರ್ಪಾಡು ಇಲ್ಲಿ ಹೊಸ ಈಟಿಯನ್ನು ಒದಗಿಸುತ್ತದೆ.

ವಿಷ ತಯಾರಾಗುವ ಗ್ರಂಥಿ ಎಲ್ಲಿಂದ ಬಂತು?

ಅನ್ನನಾಳದಿಂದ. ನಾಗರಹಾವು, ಕೊಳಕುಮಂಡಲಗಳ ವಿಷಗ್ರಂಥಿ ಬಾಯಿಯ ಗ್ರಂಥಿಯೊಂದು ಬದಲಾದ ರೂಪವೆಂದು ನಮ್ಮಲ್ಲಿ ಅನೇಕರು ಓದಿರುತ್ತಾರೆ. ಬಸವನಹುಳುವಿನ ದಾರಿ ಬೇರೆ. ಮರಿ ಹುಳು ಬೆಳೆಯುವಾಗ ಅದರ ಅನ್ನನಾಳದ ನಡುಭಾಗದ ಒಳಪದರ ಚಿವುಟಿ ಬೇರ್ಪಟ್ಟಂತೆ ಒಂದು ಪ್ರತ್ಯೇಕ ಕೊಳವೆಯಾಗುವುದನ್ನು ಕೋನಸ್ ಲಿವಿಡಸ್ ಎಂಬ ಪ್ರಭೇದದಲ್ಲಿ ಸೂಕ್ಷ್ಮದರ್ಶಕದಡಿ ಗುರುತಿಸಲಾಗಿದೆ. ಆ ಕೊಳವೆಯೇ ವಿಷದ ನಾಳ. ಬಲಿತ ಹುಳುವಿನಲ್ಲಿ ಅದು ಚಿಪ್ಪಿಗಿಂತಲೂ ಉದ್ದವಾಗಿ, ಮಡಚಿಟ್ಟ ಹಗ್ಗದಂತೆ ಒಳಗೆ ತುಂಬಿಕೊಂಡಿರುತ್ತದೆ. ನಾಳದ ಹಿಂತುದಿಯಲ್ಲಿ ಸ್ನಾಯುವಿನ ಒಂದು ಬುರುಡೆ ಇದೆ. ಅದು ಹಿಂಡಿದಾಗ ವಿಷ ಮುನ್ನುಗ್ಗಿ ಟೊಳ್ಳು ಹಲ್ಲಿನೊಳಗೆ ಹಾಯುತ್ತದೆ.

ಕೆರೆಯುವ ಹಲ್ಲು, ಊಟ ಇಳಿಯುವ ನಾಳ, ಇವೆರಡೇ ಮೂಲ ಸಾಮಗ್ರಿ. ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ: ಹೊಚ್ಚಹೊಸದೇನೂ ಎಲ್ಲಿಂದಲೋ ಬಂದು ಸೇರಲಿಲ್ಲ, ಮನೆಯಲ್ಲಿದ್ದ ಸಾಮಾನೇ ಬೇರೆ ಕೆಲಸಕ್ಕೆ ಒದಗಿತು.

ಅಷ್ಟು ನಿಧಾನವಾಗಿ ತೆವಳುವ ಪ್ರಾಣಿ ಮೀನನ್ನು ಹಿಡಿಯುವುದಾದರೂ ಹೇಗೆ?

ಹುಳು ನೀರನ್ನು ಒಳಗೆಳೆದುಕೊಳ್ಳುವ ಕೊಳವೆಯ ಮೂಲಕ ಬೇಟೆಯ ವಾಸನೆ ಹಿಡಿಯುತ್ತದೆ. ಬಳಿಕ ಸೊಂಡಿಲನ್ನು ಚಾಚಿ, ತುದಿಯಲ್ಲಿ ಈಟಿಯನ್ನು ಕಚ್ಚಿಕೊಂಡು ಮೀನಿನ ಮೈಗೆ ತಾಕಿಸುತ್ತದೆ. ತಾಕಿದ ಕ್ಷಣ ಈಟಿ ಹೊರಚಿಮ್ಮುವುದಕ್ಕೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಬೇಕಾಗಿಲ್ಲ. ಮೀನು ಸೆಟೆದು ನಿಲ್ಲುತ್ತದೆ. ಸೊಂಡಿಲು ಈಟಿಯ ಬುಡವನ್ನು ಬಿಡದೆ ಮೀನನ್ನು ಬಾಯಿಗೆಳೆದುಕೊಳ್ಳುತ್ತದೆ.

ವಿಷ ಇಷ್ಟು ತೀಕ್ಷ್ಣವಾಗಿರಲು ಹುಳುವಿನ ನಿಧಾನವೇ ಕಾರಣ. ಚುಚ್ಚಿಸಿಕೊಂಡ ಮೀನು ಹತ್ತು ಸೆಕೆಂಡು ಈಜಿದರೂ ಅದು ಬೇರೆಯವರ ಪಾಲಾಗುತ್ತದೆ, ಹುಳು ಬೆನ್ನಟ್ಟಲಾರದು. ಹಾಗಾಗಿ ಮೀನನ್ನು ನಿಂತಲ್ಲೇ ನಿಲ್ಲಿಸುವ ವಿಷವುಳ್ಳ ಹುಳು ಉಂಡಿತು, ಉಳಿಯಿತು, ಮರಿ ಮಾಡಿತು. ಮೀನು ಹಿಡಿಯುವ ಹುಳುವಿನ ವಿಷದಲ್ಲಿ ಎರಡು ತಂಡಗಳು ಒಟ್ಟಾಗಿ ಕೆಲಸ ಮಾಡುತ್ತವೆ. ಮೊದಲನೆಯದು ನರಗಳ ಸೋಡಿಯಂ ದ್ವಾರಗಳನ್ನು (ನರಕೋಶದ ಪೊರೆಯಲ್ಲಿ ಸೋಡಿಯಂ ಹಾಯುವ ಕಿಂಡಿಗಳನ್ನು) ಮುಚ್ಚಗೊಡದೆ, ಪೊಟ್ಯಾಸಿಯಂ ದ್ವಾರಗಳನ್ನು ತಡೆದು, ವಿದ್ಯುತ್ ತಗುಲಿದಂತೆ ಮೈಯನ್ನು ತತ್‌ಕ್ಷಣ ಸೆಟೆಸುತ್ತದೆ. ಎರಡನೆಯದು ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ಕಡಿದು, ತುಸು ತಡವಾಗಿ ಆದರೆ ಪೂರ್ಣವಾಗಿ ಮೈಯನ್ನು ಸಡಿಲಗೊಳಿಸುತ್ತದೆ. ಕಡಲ ಹುಳುಗಳನ್ನು ತಿನ್ನುವ ಜಾತಿಗಳಿಗೆ ಇಂಥ ಅವಸರ ಅಷ್ಟಾಗಿ ಇರುವುದಿಲ್ಲ.

ಒಂದೇ ಪ್ರಭೇದದಲ್ಲಿ ನೂರಾರು ಬಗೆಯ ವಿಷಗಳು ಏಕೆ?

ಒಂದೊಂದು ಪ್ರಭೇದದ ವಿಷದಲ್ಲೂ ನೂರಕ್ಕೂ ಹೆಚ್ಚು ಪೆಪ್ಟೈಡುಗಳು, ಅಂದರೆ ಪ್ರೋಟೀನಿನಂಥವೇ ಆದ ಚಿಕ್ಕ ಅಣುಗಳು, ಇರುತ್ತವೆ. ಹೆಚ್ಚಿನವು 10ರಿಂದ 40 ಅಮೈನೋ ಆಮ್ಲಗಳ ಚಿಕ್ಕ ಸರಪಳಿಗಳು. ಇವುಗಳನ್ನು ಕೋನೋಟಾಕ್ಸಿನ್‌ಗಳೆಂದು ಕರೆಯುತ್ತಾರೆ. ಒಂದು ಪ್ರಭೇದದಲ್ಲಿರುವುದು ಇನ್ನೊಂದರಲ್ಲಿ ಅದೇ ರೂಪದಲ್ಲಿ ಸಿಗುವುದು ತೀರ ಅಪರೂಪ.

ಇದರ ಹಿಂದಿನ ಮುಖ್ಯ ಕ್ರಿಯೆ ಜೀನ್‌ಗಳು ಇಮ್ಮಡಿಯಾಗುವುದು. ಮನೆಯಲ್ಲಿ ಇರುವುದು ಒಂದೇ ಕತ್ತಿಯಾದರೆ ಅದನ್ನು ಕುಲುಮೆಗೆ ಹಾಕಿ ಬೇರೆ ಆಕಾರಕ್ಕೆ ಬಡಿಯಲು ಯಾರೂ ಮುಂದಾಗುವುದಿಲ್ಲ, ನಾಳೆಯ ಕೆಲಸ ನಿಂತುಹೋಗುತ್ತದೆ. ಎರಡಿದ್ದರೆ ಒಂದು ಎಂದಿನ ಕೆಲಸಕ್ಕೆ ಉಳಿಯುತ್ತದೆ, ಇನ್ನೊಂದನ್ನು ಬಡಿದು ನೋಡಬಹುದು. ಜೀನ್‌ನ ನಕಲಿನಲ್ಲೂ ಹೀಗೆಯೇ ಬದಲಾವಣೆಗಳು ಸೇರುತ್ತ ಹೋಗುತ್ತವೆ. ಥಾಮಸ್ ಡ್ಯೂಡಾ ಮತ್ತು ಸ್ಟೀಫನ್ ಪಲುಂಬಿ 1999ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ವಿಷದ ಜೀನ್‌ಗಳು ಪದೇ ಪದೇ ಇಮ್ಮಡಿಯಾಗಿ, ಅಸಾಧಾರಣ ವೇಗದಲ್ಲಿ ಬದಲಾಗಿವೆ ಎಂದು ತೋರಿಸಿತು.

ಆ ಬದಲಾವಣೆ ಎಲ್ಲ ಕಡೆ ಸಮನಾಗಿ ಆಗಿಲ್ಲ ಎಂಬುದು ಇನ್ನೂ ಸ್ವಾರಸ್ಯಕರ. ವಿಷದ ಪೆಪ್ಟೈಡ್ ಮೊದಲು ಒಂದು ಉದ್ದನೆಯ ಸರಪಳಿಯಾಗಿ ತಯಾರಾಗುತ್ತದೆ. ಅದರ ಮೊದಲ ತುಂಡು, ಲಕೋಟೆಯ ಮೇಲಿನ ವಿಳಾಸದಂತೆ, ಸರಪಳಿಯನ್ನು ಜೀವಕೋಶದಿಂದ ಹೊರಗೆ ಕಳುಹಿಸುವ ಗುರುತು. ಅದು ಕೋಟ್ಯಂತರ ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ. ಕೊನೆಯ ತುಂಡೇ ನಿಜವಾದ ವಿಷ, ಅದು ಗುರುತು ಸಿಗದಷ್ಟು ಬದಲಾಗಿದೆ. ಆದರೆ ಆ ಕೊನೆಯ ತುಂಡಿನಲ್ಲೂ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು ತಮ್ಮ ಜಾಗ ಬಿಟ್ಟು ಕದಲುವುದು ಕಡಿಮೆ. ಅವು ಜೋಡಿ ಜೋಡಿಯಾಗಿ ಗಂಧಕದ ಕೊಂಡಿ ಹಾಕಿಕೊಂಡು ಪೆಪ್ಟೈಡನ್ನು ಬಿಗಿಯಾಗಿ ಕಟ್ಟಿಡುತ್ತವೆ. ಮನೆಯ ಕಂಬ ತೊಲೆಗಳು ಹಾಗೆಯೇ ಇದ್ದು ನಡುವಿನ ಗೋಡೆಗಳು ಮಾತ್ರ ಬದಲಾದಂತೆ, ಅದೇ ಚೌಕಟ್ಟಿನಲ್ಲಿ ಹೊಸ ಹೊಸ ನರದ್ವಾರಗಳಿಗೆ ಹೊಂದುವ ಆಕಾರಗಳು ಮೂಡಿದವು.

ಊಟಕ್ಕೂ ವಿಷಕ್ಕೂ ಇರುವ ನಂಟನ್ನು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಕೋನಸ್ ಮಿಲಿಯಾರಿಸ್ ಚೆನ್ನಾಗಿ ತೋರಿಸುತ್ತದೆ. ಬೇರೆಡೆ ಅದಕ್ಕೆ ಪೈಪೋಟಿ ಕೊಡುವ ಇತರ ಶಂಕು ಬಸವನಹುಳುಗಳು ಆ ದೂರದ ದ್ವೀಪದಲ್ಲಿ ಇಲ್ಲವೆಂಬಷ್ಟು ಕಡಿಮೆ. ಅಲ್ಲಿ ಅದರ ಆಹಾರದ ಪಟ್ಟಿ ಉದ್ದವಾಯಿತು, ಜೊತೆಗೇ ವಿಷದ ಜೀನ್‌ಗಳೂ ಬೇರೆಯಾದವು.

ಇದರ ವಿಷದಲ್ಲಿ ಇನ್ಸುಲಿನ್ ಇದೆ ಎನ್ನುತ್ತಾರಲ್ಲ, ಸಕ್ಕರೆ ಕಾಯಿಲೆಯವರು ತೆಗೆದುಕೊಳ್ಳುವ ಅದೇ ಇನ್ಸುಲಿನ್ನೇ?

ಅದೇ ಕುಟುಂಬದ್ದು. ನಮ್ಮ ಹಳ್ಳಿಗಳಲ್ಲಿ ಹಿಂದೆ ಹೊಳೆಯ ಮಡುವಿಗೆ ಕಾರೆಕಾಯಿ ಜಜ್ಜಿ ಹಾಕಿ ಮೀನುಗಳಿಗೆ ಮತ್ತು ಬರಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಮರಿ ಮೀನುಗಳೂ ಸಾಯುವ ಆ ಪದ್ಧತಿ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಕೋನಸ್ ಜಿಯೋಗ್ರಾಫಸ್ ಎಂಬ ಹುಳು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಅದು ರಾತ್ರಿ ಹವಳದ ಸಂದಿಯಲ್ಲಿ ತಂಗಿದ ಮೀನುಗಳ ಮುಂದೆ ಬಾಯಿಯನ್ನು ಬಲೆಯಂತೆ ಅಗಲಿಸಿ, ನೀರಿಗೆ ವಿಷವನ್ನು ಬಿಡುತ್ತದೆ ಎಂದು ಸಂಶೋಧಕರು ಭಾವಿಸುತ್ತಾರೆ. ಮೀನುಗಳು ಮಂಕಾಗಿ, ಓಡುವ ಪ್ರಯತ್ನವನ್ನೇ ಮಾಡದೆ ಬಲೆಯೊಳಗೆ ಸೇರುತ್ತವೆ; ಈಟಿ ಚುಚ್ಚುವುದು ಅವು ಒಳಸೇರಿದ ಮೇಲೆ.

2015ರಲ್ಲಿ ಹೆಲೆನಾ ಸಫಾವಿ-ಹೆಮಾಮಿ, ಬಾಲ್ಡೊಮೆರೊ ಒಲಿವೆರಾ ಮತ್ತು ಸಂಗಡಿಗರು ಆ ವಿಷದಲ್ಲಿ ಇನ್ಸುಲಿನ್ ಇರುವುದನ್ನು ಪ್ರಕಟಿಸಿದರು. ಇನ್ಸುಲಿನ್ ಹೆಚ್ಚಾದರೆ ರಕ್ತದ ಸಕ್ಕರೆ ಕುಸಿದು ಮೈ ನಿತ್ರಾಣವಾಗುವುದು ಸಕ್ಕರೆ ಕಾಯಿಲೆಯ ಚುಚ್ಚುಮದ್ದು ತೆಗೆದುಕೊಳ್ಳುವ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮೀನಿಗೂ ಆಗುವುದು ಅದೇ. ಗಮನಿಸಬೇಕಾದದ್ದು, ಈ ಇನ್ಸುಲಿನ್ ಬಸವನಹುಳುಗಳ ಇನ್ಸುಲಿನ್‌ಗಿಂತ ಮೀನಿನ ಇನ್ಸುಲಿನ್ನನ್ನು ಹೆಚ್ಚು ಹೋಲುತ್ತದೆ. ಹುಳುವಿನ ಸ್ವಂತ ದೇಹದ ಕೆಲಸಕ್ಕೆ ಬೇಕಾದ ಇನ್ಸುಲಿನ್ ಎಂದಿನಂತೆ ಅದರ ನರಮಂಡಲದಲ್ಲಿದೆ. ಅದರ ಜೀನ್‌ನ ನಕಲೊಂದು ವಿಷದ ನಾಳವನ್ನು ಸೇರಿ, ಬೇಟೆಯ ದೇಹಕ್ಕೆ ಹೊಂದುವಂತೆ ತಿದ್ದಿಕೊಂಡಿದೆ. ಬಸವನಹುಳುಗಳನ್ನೇ ತಿನ್ನುವ ಶಂಕು ಪ್ರಭೇದಗಳ ವಿಷದಲ್ಲಿ ಬಸವನಹುಳು ಮಾದರಿಯ ಇನ್ಸುಲಿನ್ ಸಿಕ್ಕಿರುವುದು ಈ ವಿವರಣೆಯನ್ನು ಗಟ್ಟಿಗೊಳಿಸಿತು. 2024ರಲ್ಲಿ ಅದೇ ಜಿಯೋಗ್ರಾಫಸ್ ವಿಷದಲ್ಲಿ, ಕುಸಿದ ಸಕ್ಕರೆಯನ್ನು ಮತ್ತೆ ಏರಿಸುವ ಹಾರ್ಮೋನು ಹೊರಬರದಂತೆ ತಡೆಯುವ ಇನ್ನೊಂದು ಪೆಪ್ಟೈಡ್ ಕೂಡ ವರದಿಯಾಯಿತು. ಒಂದು ಸಕ್ಕರೆಯನ್ನು ಇಳಿಸುತ್ತದೆ, ಮತ್ತೊಂದು ಅದು ಏರದಂತೆ ಬಾಗಿಲು ಹಾಕುತ್ತದೆ.

ಮನುಷ್ಯರ ಇನ್ಸುಲಿನ್ ಆರಾರು ಅಣುಗಳ ಗುಂಪಾಗಿ ಸೇರಿಕೊಳ್ಳುತ್ತದೆ, ಕೆಲಸ ಶುರುವಾಗಬೇಕಾದರೆ ಗುಂಪು ಬಿಡಿಯಾಗಬೇಕು. ಹುಳುವಿನ ವಿಷದ ಇನ್ಸುಲಿನ್‌ನಲ್ಲಿ ಗುಂಪು ಕಟ್ಟುವ ತುಂಡೇ ಇಲ್ಲ, ಆದರೂ ಅದು ನಮ್ಮ ಜೀವಕೋಶಗಳ ಮೇಲೆ ಇನ್ಸುಲಿನ್ ಬಂದು ಕೂರುವ ಜಾಗಕ್ಕೆ ಹೊಂದುತ್ತದೆ. ಬೇಗ ಕೆಲಸ ಮಾಡುವ ಔಷಧ ರೂಪಿಸುವವರಿಗೆ ಇದು ಬೆಲೆಬಾಳುವ ಸುಳಿವು.

ವಿಷ ಮೊದಲು ಬಂದದ್ದು ಬೇಟೆಗೋ, ಆತ್ಮರಕ್ಷಣೆಗೋ?

ಈ ಪ್ರಶ್ನೆಯನ್ನು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಾಗ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಸಂಶೋಧಕರೂ ಇದನ್ನೇ ಕೇಳಿಕೊಂಡಿದ್ದಾರೆ. 2014ರಲ್ಲಿ ಪ್ರಕಟವಾದ ಕೆಲಸವೊಂದು ಕೋನಸ್ ಜಿಯೋಗ್ರಾಫಸ್ ಎರಡು ಬೇರೆ ಬೇರೆ ವಿಷಗಳನ್ನು ಹೊರಬಿಡುತ್ತದೆ ಎಂದು ತೋರಿಸಿತು. ಕೆಣಕಿದಾಗ ಬಿಡುವ ರಕ್ಷಣೆಯ ವಿಷ ನಾಳದ ಹಿಂಭಾಗದಲ್ಲಿಯೂ, ಬೇಟೆಯ ವಿಷ ಬಾಯಿಯ ಕಡೆಯ ಭಾಗದಲ್ಲಿಯೂ ತಯಾರಾಗುತ್ತವೆ. ಮನುಷ್ಯರಿಗೆ ಮಾರಕವಾದ ಪೆಪ್ಟೈಡುಗಳು ಹೆಚ್ಚಾಗಿ ಇರುವುದು ರಕ್ಷಣೆಯ ವಿಷದಲ್ಲಿ.

ಮುಂದಿನ ವರ್ಷ, ಕಡಲ ಹುಳುಗಳನ್ನು ಮಾತ್ರ ತಿನ್ನುವ ಕೋನಸ್ ಸುಟುರೇಟಸ್‌ನಲ್ಲಿ, ಬೆನ್ನುಮೂಳೆಯಿರುವ ಪ್ರಾಣಿಗಳ ನರಗಳ ಮೇಲೆ ಕೆಲಸ ಮಾಡುವ ಪೆಪ್ಟೈಡ್ ವರದಿಯಾಯಿತು. ಹುಳು ತಿನ್ನುವ ಪ್ರಾಣಿಗೆ ಮೀನಿನ ನರಕ್ಕೆ ಹೊಂದುವ ವಿಷ ಏಕೆ ಬೇಕು? ತನ್ನನ್ನು ತಿನ್ನಲು ಬರುವ ಮೀನನ್ನು ಓಡಿಸಲು. ಹೀಗೆ ಶತ್ರುವನ್ನು ಓಡಿಸಲು ಇದ್ದ ವಿಷವೇ ಮುಂದೆ ಆ ಶತ್ರುವನ್ನು ಊಟವಾಗಿಸಿಕೊಳ್ಳಲು ದಾರಿ ಮಾಡಿತು ಎಂಬ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಬಲಿತಾಗ ಮೀನು ಹಿಡಿಯುವ ಕೋನಸ್ ಮ್ಯಾಗಸ್, ಮರಿಯಾಗಿದ್ದಾಗ ಕಡಲ ಹುಳುಗಳನ್ನೇ ಚುಚ್ಚಿ ತಿನ್ನುತ್ತದೆ. ಅದರ ಮರಿಗಳ ಹಲ್ಲೂ ವಿಷವೂ ಬಲಿತ ಹುಳುವಿನವಕ್ಕಿಂತ ಬೇರೆ.

ವಿಷ ಬೇಕೆಂದು ಹುಳು ಪ್ರಯತ್ನಿಸಿದ್ದರಿಂದ ಬಂತೇ?

ಇಲ್ಲ. ಬದಲಾವಣೆಗಳು ಯಾರ ಇಚ್ಛೆಗೂ ಕಾಯದೆ ಹುಟ್ಟುತ್ತವೆ, ಹೆಚ್ಚಿನವು ನಿಷ್ಪ್ರಯೋಜಕ. ಊಟ ದೊರಕಿಸಿದ ಕೆಲವು ಮಾತ್ರ ಪೀಳಿಗೆಯಿಂದ ಪೀಳಿಗೆಗೆ ಉಳಿದವು.

ಒಮ್ಮೆ ಬಂದ ವಿಷ ಮತ್ತೆ ಇಲ್ಲವಾಗುವುದೂ ಉಂಟೇ?

ಉಂಟು. ಶಂಕು ಹುಳುವಿನ ಬಂಧುಗಳಾದ, ದಬ್ಬಳದಂತೆ ಚೂಪಾದ ಚಿಪ್ಪಿನ ಟೆರೆಬ್ರಿಡ್ ಬಸವನಹುಳುಗಳಲ್ಲಿ ವಿಷದ ನಾಳವೂ ಈಟಿಯೂ ಒಂದಕ್ಕಿಂತ ಹೆಚ್ಚು ಸಲ, ಬೇರೆ ಬೇರೆ ಕವಲುಗಳಲ್ಲಿ ಮಾಯವಾಗಿವೆ. ಅಂಥ ಪ್ರಭೇದಗಳು ಕಡಲ ಹುಳುಗಳನ್ನು ಚುಚ್ಚದೆ ಹಾಗೆಯೇ ನುಂಗುತ್ತವೆ. ವಿಷ ತಯಾರಿಸಲು ಆಹಾರದ ಶಕ್ತಿ ವ್ಯಯವಾಗುತ್ತದೆ. ಅದಿಲ್ಲದೆಯೂ ಹೊಟ್ಟೆ ತುಂಬುವಾಗ ಅದನ್ನು ಉಳಿಸಿಕೊಳ್ಳುವ ಒತ್ತಡವೂ ಇರುವುದಿಲ್ಲ.

ಬೇರೆ ಬೇಟೆಗಾರ ಬಸವನಹುಳುಗಳೂ ಇದೇ ದಾರಿ ಹಿಡಿದಿವೆಯೇ?

ಅವುಗಳ ದಾರಿ ಬೇರೆ ಬೇರೆ. ಟೋನಾ ಎಂಬ ದೊಡ್ಡ ಕಡಲ ಬಸವನಹುಳುವಿನ ಜೊಲ್ಲಿನಲ್ಲಿ ಗಂಧಕಾಮ್ಲವಿದೆ. ಇದು 1854ರಷ್ಟು ಹಿಂದೆಯೇ ಗೊತ್ತಾಗಿತ್ತು. ಕೊಲುಬ್ರೇರಿಯಾ ಎಂಬುದು ನಿದ್ದೆಹೋದ ಮೀನಿನ ಮೈಗೆ ಸೊಂಡಿಲು ತೂರಿಸಿ ರಕ್ತ ಹೀರುತ್ತದೆ, ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಮಳೆಗಾಲದಲ್ಲಿ ಏಲಕ್ಕಿ ತೋಟಕ್ಕೆ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿಗಣೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಅದು ಉದುರಿದ ಮೇಲೂ ಎಷ್ಟೋ ಹೊತ್ತು ರಕ್ತ ಜಿನುಗುತ್ತಲೇ ಇರುತ್ತದೆ. ಎರಡಕ್ಕೂ ಸಂಬಂಧವಿಲ್ಲದಿದ್ದರೂ ರಕ್ತ ಕುಡಿಯುವ ಬದುಕು ಇಬ್ಬರಿಂದಲೂ ಒಂದೇ ಉಪಾಯವನ್ನು ಹೊರಡಿಸಿದೆ.

ಈ ಅಧ್ಯಯನದಿಂದ ಔಷಧ ಏನಾದರೂ ಸಿಕ್ಕಿದೆಯೇ? ನಮ್ಮ ದೇಶದಲ್ಲಿ ಕೆಲಸ ನಡೆದಿದೆಯೇ?

ಸಿಕ್ಕಿದೆ. ಒಲಿವೆರಾ ಮತ್ತು ಲೂರ್ಡೆಸ್ ಕ್ರೂಜ್ ಫಿಲಿಪ್ಪೀನ್ಸ್‌ನಲ್ಲಿ ಆರಂಭಿಸಿದ ಅಧ್ಯಯನ ಬಳಿಕ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಬೆಳೆಯಿತು. ಅಲ್ಲಿ ಪದವಿ ವಿದ್ಯಾರ್ಥಿಯಾಗಿದ್ದ ಮೈಕೆಲ್ ಮೆಕಿಂಟೋಷ್ ಕೋನಸ್ ಮ್ಯಾಗಸ್‌ನ ವಿಷದಿಂದ 25 ಅಮೈನೋ ಆಮ್ಲಗಳ ಒಂದು ಪೆಪ್ಟೈಡನ್ನು ಬೇರ್ಪಡಿಸಿದರು. ಮೀನಿನಲ್ಲಿ ನರದ ಆಜ್ಞೆ ಸ್ನಾಯುವನ್ನು ತಲುಪದಂತೆ ತಡೆಯುವ ಆ ಪೆಪ್ಟೈಡ್, ಮನುಷ್ಯರ ಬೆನ್ನುಹುರಿಯಲ್ಲಿ ನೋವಿನ ಸಂದೇಶ ಸಾಗಿಸುವ ಕ್ಯಾಲ್ಸಿಯಂ ದ್ವಾರಗಳನ್ನು ಮುಚ್ಚುತ್ತದೆ. ಅದರ ಕೃತಕ ರೂಪವಾದ ಜಿಕೊನೊಟೈಡ್‌ಗೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೇರೆ ಔಷಧಗಳಿಗೆ ಬಗ್ಗದ ತೀವ್ರ ನೋವಿಗೆ ಇದನ್ನು ಪಂಪಿನ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಕೊಡಬೇಕು.

ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಮತ್ತು ಅವರ ಸಹೋದ್ಯೋಗಿಗಳು ಭಾರತದ ಕರಾವಳಿಯ ಶಂಕು ಹುಳುಗಳ ಪೆಪ್ಟೈಡುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ನಮ್ಮ ಆಗ್ನೇಯ ಕರಾವಳಿಯಲ್ಲಿ ಸಿಗುವ ಕೋನಸ್ ಅಮಾಡಿಸ್‌ನಿಂದ ಸೋಡಿಯಂ ದ್ವಾರಗಳ ಮೇಲೆ ಕೆಲಸ ಮಾಡುವ ಪೆಪ್ಟೈಡ್ ಬೆಳಕಿಗೆ ಬಂದದ್ದು ಈ ಶ್ರಮದ ಫಲ. ತಲಕಾವೇರಿಯಲ್ಲಿ ಹುಟ್ಟಿದ ನೀರು ಕೊನೆಗೆ ಸೇರುವುದು ಅದೇ ಕರಾವಳಿಯನ್ನು ಎಂದು ನಕಾಶೆಯಲ್ಲಿ ತೋರಿಸಿದರೆ ಮಕ್ಕಳಿಗೆ ಆ ಹುಳು ಕೊಂಚ ಹತ್ತಿರದ್ದಾಗುತ್ತದೆ.

ಮಾಕುಟ್ಟ ದಾಟಿ ಕಣ್ಣೂರಿನ ಕಡಲತೀರಕ್ಕೆ ಪ್ರವಾಸ ಹೋಗುತ್ತೇವೆ. ಭಯಪಡಬೇಕೇ?

ಭಯ ಬೇಡ, ಎಚ್ಚರ ಸಾಕು. ಜಗತ್ತಿನಲ್ಲಿ ಇದುವರೆಗೆ ದಾಖಲಾದ ಸಾವುಗಳು ಕೆಲವೇ ಹತ್ತುಗಳಷ್ಟು, ಅವುಗಳಲ್ಲಿ ಹೆಚ್ಚಿನವಕ್ಕೆ ಕೋನಸ್ ಜಿಯೋಗ್ರಾಫಸ್ ಕಾರಣ. ಆದರೂ ನೀರಿನಲ್ಲಿ ಅಥವಾ ಒದ್ದೆ ಮರಳಿನಲ್ಲಿ ಶಂಕುವಿನಾಕಾರದ ಚಿಪ್ಪು ಕಂಡರೆ ಎತ್ತಬೇಡಿ, ಜೇಬಿಗೆ ಹಾಕಬೇಡಿ; ಸೊಂಡಿಲು ಚಿಪ್ಪಿನ ಯಾವ ಬದಿಗೂ ತಿರುಗಬಲ್ಲದು, ಈಟಿ ಬಟ್ಟೆಯನ್ನೂ ದಾಟಬಲ್ಲದು. ಇದಕ್ಕೆ ಹಾವಿನ ವಿಷಕ್ಕೆ ಇರುವಂಥ ಪ್ರತಿವಿಷವಿಲ್ಲ. ಚುಚ್ಚಿದರೆ ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು ಮಾಡದೆ, ಆ ಕೈಯನ್ನಾಗಲಿ ಕಾಲನ್ನಾಗಲಿ ಅಲುಗಾಡಿಸದೆ, ತಡಮಾಡದೆ ಕೃತಕ ಉಸಿರಾಟದ ವ್ಯವಸ್ಥೆಯುಳ್ಳ ಆಸ್ಪತ್ರೆಗೆ ಸೇರಿಸಬೇಕು. ವಿಷದ ಪ್ರಭಾವ ಇಳಿಯುವವರೆಗೆ ಉಸಿರಾಟವನ್ನು ನಡೆಸಿಕೊಟ್ಟರೆ ರೋಗಿ ಉಳಿಯುತ್ತಾನೆ.

ನಮ್ಮ ಮನೆಯ ಶೋಕೇಸಿನಲ್ಲಿ ಅಜ್ಜ ತಂದಿಟ್ಟ ಶಂಕು ಚಿಪ್ಪೊಂದಿದೆ. ಅದರಲ್ಲಿ ವಿಷ ಉಳಿದಿರುತ್ತದೆಯೇ?

ಉಳಿದಿರುವುದಿಲ್ಲ. ವಿಷದ ನಾಳ, ಬುರುಡೆ, ಹಲ್ಲಿನ ಚೀಲ ಎಲ್ಲವೂ ಮೃದು ಅಂಗಗಳು, ಪ್ರಾಣಿಯೊಂದಿಗೆ ಅವೂ ಹೋದವು. ಉಳಿದದ್ದು ಸುಣ್ಣದ ಚಿಪ್ಪು ಮಾತ್ರ. ಮಕ್ಕಳು ಧೈರ್ಯವಾಗಿ ಮುಟ್ಟಲಿ. ಹೊಸದಾಗಿ ಕೊಳ್ಳುವ ಯೋಚನೆಯಿದ್ದರೆ ಬಿಡಿ: ಕೋನಸ್ ಮಿಲ್ನೆಡ್ವರ್ಡ್ಸಿ ಎಂಬ ಶಂಕು ಹುಳುವನ್ನು 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಲಾಗಿದೆ, ಅಂಗಡಿಯ ಬುಟ್ಟಿಯಲ್ಲಿ ಯಾವುದು ಯಾವ ಪ್ರಭೇದವೆಂದು ಗುರುತಿಸುವುದು ಸುಲಭವಲ್ಲ. ಅಜ್ಜನ ಚಿಪ್ಪನ್ನು ಕೈಗೆತ್ತಿಕೊಂಡು ಅದರ ಕಿರಿದಾದ ತುದಿಯಲ್ಲಿ ಬಾಯ್ತೆರೆ ಕೊನೆಗೊಳ್ಳುವ ಜಾಗವನ್ನು ನೋಡಿ. ವಾಸನೆ ಹಿಡಿಯುವ ಕೊಳವೆಯೂ ಈಟಿ ಹಿಡಿದ ಸೊಂಡಿಲೂ ಹೊರಗೆ ಚಾಚುತ್ತಿದ್ದುದು ಅಲ್ಲಿಂದಲೇ.